ಸಣಕಲರ ತಂಡ

ಗಟ್ಟಿಮುಟ್ಟಾದವನಿಗೆ ಯಾವ ವರಸೆ ಕಲಿಸಬೇಕೆಂಬುದು ಅಂಥ ದೊಡ್ಡ ಪ್ರಶ್ನೆಯಲ್ಲ. ಏನು ಕಲಿಸಿದರೂ ಅವನಿಗೆ ನಡೆಯುತ್ತದೆ. ಏನೂ ಕಲಿಸದೆ ಬಿಟ್ಟರೂ ಒಂದಿಷ್ಟು ದಿನ ನಡೆಯುತ್ತದೆ. ಸಣಕಲನ ಪಾಡು ಹಾಗಲ್ಲ. ಅವನ ಕೈಯಲ್ಲಿರುವ ಬಂಡವಾಳವೇ ಅಲ್ಪ. ಅದನ್ನು ಯಾವ ವ್ಯಾಪಾರದಲ್ಲಿ ಹಾಕಬೇಕೆಂದು ಹತ್ತು ಸಲ ಯೋಚಿಸಬೇಕಾಗುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ 'ಅವಕಾಶ ವೆಚ್ಚ'ವೆಂಬ ಮಾತನ್ನು ನಾವೆಲ್ಲರೂ ಬರೆದುಕೊಂಡಿದ್ದೇವಷ್ಟೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋದ ಇನ್ನೊಂದರ ಬೆಲೆ ಅದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದೆನಾದರೂ, ಅದರ ಬಿಸಿ ನನಗೆ ತಾಗಿದುದು ನಮ್ಮೂರ ಕಬಡ್ಡಿ ತಂಡದ ಏಳು ಮಂದಿಯ ನಡುವೆ.

ನಮ್ಮೂರು ತುಳಸಿಗೇರಿ. ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ಹಾದಿಯ ಮೇಲಿದೆ. ಹಣಮಪ್ಪನ ಊರೆಂದರೆ ಸುತ್ತಿನವರಿಗೆ ಬೇರೆ ಗುರುತು ಬೇಡ. ಇಂಥ ಮಹಾಬಲನ ಊರಿನಲ್ಲಿ ಹುಟ್ಟಿದ ಹುಡುಗರು ಕಲ್ಲುಕಂಬದಂತೆ ಇರಬೇಕೆಂದು ಪರಸ್ಥಳದವರು ತಿಳಿಯುವುದು ಸಹಜವೇ. ಆದರೆ ನಮ್ಮ ತಂಡವನ್ನು ಒಮ್ಮೆ ನೋಡಿದವರಿಗೆ ಆ ಭ್ರಮೆ ಉಳಿಯದು. ಹಿಟ್ಟಿನ ಗಿರಣಿಯ ತಕ್ಕಡಿಯ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ತೂಗಿದೆವು. ಏಳು ಮಂದಿಯಲ್ಲಿ ಅರವತ್ತು ಕಿಲೋ ದಾಟಿದವನು ಒಬ್ಬನೇ. ಅವನೂ ಅಂದು ಮಧ್ಯಾಹ್ನ ಲಗ್ನದ ಊಟ ಉಂಡು ಬಂದಿದ್ದ. ರಾಷ್ಟ್ರಮಟ್ಟದ ಹಿರಿಯರ ಪಂದ್ಯಗಳಲ್ಲಿ ೮೫ ಕಿಲೋದವರೆಗೆ ತೂಕ ಸಲ್ಲುತ್ತದೆ. ಊರ ಜಾತ್ರೆಯ ಪಂದ್ಯಗಳಲ್ಲಿ ಕೆಲವು ಕಡೆ ತೂಕದ ಕಟ್ಟು ಉಂಟು. ನಾವು ಆಡಬೇಕಾದ ಪಂದ್ಯವು 'ಓಪನ್' ಆಗಿತ್ತು. ಅಂದರೆ ಗರಡಿಯಲ್ಲಿ ಬಾದಾಮಿ ಹಾಲು ಕುಡಿದು ಬೆಳೆದ ಮೈಗೂ, ದಾಳಿಂಬೆ ತೋಟದಲ್ಲಿ ರೊಟ್ಟಿ ಹಿಂಡಿ ಉಂಡು ದುಡಿಯುವ ಮೈಗೂ ಒಂದೇ ಅಂಗಳ.

ನಾನು ಆಟಗಾರನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಊರಲ್ಲಿ ಬರೆಯುವ ಕೆಲಸ ಏನಿದ್ದರೂ ನನ್ನ ಕೊರಳಿಗೆ ಬರುತ್ತದೆ. ಲಗ್ನದ ಮುಯ್ಯಿ ಪಟ್ಟಿ, ಬೆಳೆವಿಮೆಯ ಅರ್ಜಿ, ಗಣಪತಿ ವರ್ಗಣಿಯ ಲೆಕ್ಕ. ಹಾಗೆಯೇ ಕಬಡ್ಡಿಯ ವಹಿ. "ಬಿ.ಎ. ಓದಾವ ಅದಾನ, ಬರಕೊಳ್ಳಾಕ ಅವನ ಇರಲಿ" ಎಂದು ಹಿರಿಯರು ತೀರ್ಮಾನಿಸಿದರು. ಯಾರು ಏನು ಕಲಿಯಬೇಕೆಂಬುದನ್ನು ಬರೆದಿಡುವವನು ಕ್ರಮೇಣ ಯಾರು ಏನು ಕಲಿಯಬೇಕೆಂಬುದನ್ನು ಹೇಳುವವನೂ ಆಗುತ್ತಾನೆ. ಕಾರಕೂನರು ಅಧಿಕಾರ ನಡೆಸುವುದು ಹೀಗೆಯೇ ಇರಬೇಕು.

ಜಾತ್ರೆಗೆ ನಲವತ್ತು ದಿನ ಉಳಿದಿದ್ದವು. ದಿನಕ್ಕೆ ಸಿಗುವುದು ಒಂದೇ ತಾಸು. ಅದೂ ಎಲ್ಲರೂ ಕೆಲಸದಿಂದ ತಿರುಗಿ ಬಂದ ಮೇಲೆ, ಕತ್ತಲಾಗುವ ಮೊದಲು. ಇಷ್ಟು ವೇಳೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ವಿದ್ಯೆ ಮಾತ್ರ ಕೈಗೂಡೀತು. ಎರಡನ್ನು ಹಿಡಿದರೆ ಎರಡೂ ಅರೆಬರೆ. ಏಳು ಮಂದಿ, ಏಳು ವಿದ್ಯೆ. ಯಾವುವು?

ಈ ಯೋಚನೆಗೆ ಒಂದು ಆಕಾರ ಬಂದುದು, ಹೇಳಿದರೆ ನಗುವಿರಿ, ಒಂದು ಆಟದ ಪೆಟ್ಟಿಗೆಯಿಂದ. ದೀಪಾವಳಿಯ ರಜೆಯಲ್ಲಿ ನನ್ನ ಗೆಳೆಯನೊಬ್ಬನ ಅಣ್ಣ ಬೆಂಗಳೂರಿನಿಂದ ಅದನ್ನು ತಂದಿದ್ದ. 'ಬ್ಲಡ್ ಬೌಲ್' ಎಂದು ಅದರ ಹೆಸರು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ೧೯೮೬ರಲ್ಲಿ ಹೊರತಂದ ಆಟ. ಮೇಜಿನ ಮೇಲೆ ಹಾಸುವ ಮೈದಾನ, ಬೆರಳುದ್ದದ ಗೊಂಬೆಗಳು, ದಾಳಗಳು. ಒಂದೊಂದು ಪಕ್ಷಕ್ಕೆ ಹನ್ನೊಂದು ಗೊಂಬೆಗಳು ಅಂಗಳಕ್ಕಿಳಿದು ಚೆಂಡನ್ನು ಎದುರಾಳಿಯ ಗಡಿ ದಾಟಿಸಬೇಕು. ಆದರೆ ಆಟಗಾರರು ಮನುಷ್ಯರೇ ಆಗಬೇಕೆಂದಿಲ್ಲ. ಕುಳ್ಳರುಂಟು, ರಕ್ಕಸರುಂಟು, ಎಲ್ಫ್ ಎಂಬವರೂ ಉಂಟು. ಎಲ್ಫ್ ಎಂದರೆ ಪಾಶ್ಚಾತ್ಯರ ಕಥೆಗಳಲ್ಲಿ ಬರುವ, ನಮ್ಮ ಯಕ್ಷಗಂಧರ್ವರನ್ನು ಹೋಲುವ ಒಂದು ಕುಲ. ತೆಳುಮೈ, ಚುರುಕು ಕಾಲು, ಚಳಕದ ಕೈ. ಕಾಡಿನ ಎಲ್ಫ್‌ಗಳ ಸಾಮಾನ್ಯ ಆಟಗಾರ ಒಂದು ಸರತಿಗೆ ಏಳು ಮನೆ ಓಡುತ್ತಾನೆ. ಕುಳ್ಳರ ಗಟ್ಟಿ ಆಟಗಾರ ನಾಲ್ಕೇ ಮನೆ. ಆದರೆ ನೆಲಕ್ಕೆ ಬಿದ್ದಾಗ ಲೆಕ್ಕ ತಿರುವುಮುರುವಾಗುತ್ತದೆ. ಎರಡು ದಾಳ ಹಾಕಿದಾಗ ಬರಬಹುದಾದ ೩೬ ಬಗೆಗಳಲ್ಲಿ ೧೫ ಬಗೆಗಳಲ್ಲಿ ಎಲ್ಫ್‌ನ ಕವಚ ಒಡೆಯುತ್ತದೆ. ಕುಳ್ಳನದು ೬ ಬಗೆಗಳಲ್ಲಿ ಮಾತ್ರ. ಓಡುವವನ ಮೈ ಗಾಜು, ಓಡಲಾರದವನ ಮೈ ಕಬ್ಬಿಣ.

ಈ ಗೊಂಬೆಗಳು ಆಡುತ್ತ ಆಡುತ್ತ ಅಂಕ ಗಳಿಸುತ್ತವೆ. ಚೆಂಡನ್ನು ಗಡಿ ದಾಟಿಸಿದವನಿಗೆ ಮೂರು ಅಂಕ. ಆರು ಕೂಡಿದರೆ ಒಂದು ಹೊಸ ಕೌಶಲವನ್ನು ಆರಿಸಿಕೊಳ್ಳಬಹುದು. ಎಲ್ಫ್‌ಗಳ ತಂಡ ಕಟ್ಟುವವರೆಲ್ಲ ತಲೆ ಕೆರೆದುಕೊಳ್ಳುವುದು ಇಲ್ಲಿ. 'ಡಾಡ್ಜ್' ಎಂಬ ನುಣುಚುವ ಕೌಶಲ ಕೊಡುವುದೋ, 'ಬ್ಲಾಕ್' ಎಂಬ ಎದೆಗೊಡುವ ಕೌಶಲ ಕೊಡುವುದೋ? ಏನೂ ಕಲಿಯದ ಎಲ್ಫ್ ಮೇಲೆ ಎದುರಾಳಿ ಒಂದು ದಾಳ ಉರುಳಿಸಿ ಮೈಮೇಲೆ ಬಿದ್ದರೆ, ಆ ದಾಳದ ಆರು ಮುಖಗಳಲ್ಲಿ ಮೂರು ಅವನನ್ನು ಕೆಡವುತ್ತವೆ. ಎರಡರಲ್ಲಿ ಯಾವ ಒಂದನ್ನು ಕಲಿತರೂ ಕೆಡವುವ ಮುಖಗಳು ಎರಡಕ್ಕೆ ಇಳಿಯುತ್ತವೆ. ಎರಡನ್ನೂ ಕಲಿತವನನ್ನು ಕೆಡವುವುದು ಒಂದೇ ಮುಖ. ಹಾಗಾದರೆ ಮೊದಲು ಯಾವುದು? ಗೆಳೆಯನ ಅಣ್ಣ ನುಣುಚುವುದೇ ಮೇಲೆಂದ. ಎಲ್ಫ್ ಬಯಲಿಗೆ ಜಾರುವಾಗ ಆರರಲ್ಲಿ ಒಂದು ಸಲ ಎಡವುತ್ತಾನೆ. ಆ ಕೌಶಲವಿದ್ದರೆ ಇನ್ನೊಮ್ಮೆ ದಾಳ ಎತ್ತಬಹುದಾದ್ದರಿಂದ ಎಡವುವುದು ಮೂವತ್ತಾರರಲ್ಲಿ ಒಂದು ಸಲ. ಲೆಕ್ಕ ನಿಜ. ಆದರೂ ನನಗೆ ಆ ಆಟದಲ್ಲಿ ಕಂಡ ಸೋಜಿಗ ಬೇರೆ. ಗಡಿ ದಾಟಿಸಿದವನಿಗೆ ಅಂಕ, ಅಂಕವಿದ್ದವನಿಗೆ ವಿದ್ಯೆ, ವಿದ್ಯೆಯಿದ್ದವನಿಗೇ ಮತ್ತೆ ಚೆಂಡು. ಹೀಗಾಗಿ ಒಬ್ಬಿಬ್ಬರು ನಕ್ಷತ್ರಗಳಾಗುತ್ತಾರೆ. ಮುಂದಿನ ಸಾಲಿನಲ್ಲಿ ನಿಂತು ಏಟು ತಿನ್ನುವ ಬಡಪಾಯಿಗಳು ಕೊನೆಯವರೆಗೂ ಬರಿಗೈಯವರು. ಅವರು ಮುರಿದುಬಿದ್ದ ದಿನ ನಕ್ಷತ್ರವೂ ಮಣ್ಣುಪಾಲು.

ಎಲ್ಫ್‌ನನ್ನು ನೋಡಿದಾಗ ನನಗೆ ನೆನಪಾದುದು ಮುಧೋಳ ನಾಯಿ. ನಮ್ಮ ಜಿಲ್ಲೆಯದೇ ತಳಿ. ೨೦೦೫ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿಯನ್ನೂ ಹೊರಡಿಸಿತು. ಎದೆಗೂಡು ಎಣಿಸಬಹುದಾದಷ್ಟು ಬಡಕಲು. ಓಡಿತೆಂದರೆ ಮೊಲಕ್ಕೆ ದಾರಿಯಿಲ್ಲ. ಅದಕ್ಕೆ ಯಾರೂ ಗೂಳಿಯೊಡನೆ ಗುದ್ದಾಡಲು ಕಲಿಸುವುದಿಲ್ಲ.

ಇನ್ನು ಕಬಡ್ಡಿಯ ಅಂಗಳಕ್ಕೆ ಬರೋಣ. ಆಟ ಬಲ್ಲ ಮಿತ್ರರು ಈ ಪರಿಚ್ಛೇದವನ್ನು ದಾಟಿ ಮುಂದೆ ಹೋಗಬಹುದು. ಇದನ್ನು ಬರೆಯುತ್ತಿರುವುದು ನಮ್ಮ ಅಧ್ಯಾಪಕರ ಸಲುವಾಗಿ. ಗಂಡಸರ ಅಂಗಳ ೧೩ ಮೀಟರು ಉದ್ದ, ೧೦ ಮೀಟರು ಅಗಲ, ನಡುವೆ ಗೆರೆ. ಒಂದೊಂದು ಬದಿಗೆ ಏಳು ಮಂದಿ. ದಾಳಿಗೆ ಹೋದವನಿಗೆ ೩೦ ಸೆಕೆಂಡು, ಒಂದೇ ಉಸಿರು. ಎಷ್ಟು ಮಂದಿಯನ್ನು ಮುಟ್ಟಿ ತಿರುಗಿ ಬಂದನೋ ಅಷ್ಟು ಅಂಕ, ಮುಟ್ಟಿಸಿಕೊಂಡವರು ಹೊರಗೆ. ಅವನನ್ನೇ ಹಿಡಿದರೆ ಹಿಡಿದವರಿಗೆ ಅಂಕ, ಅವನು ಹೊರಗೆ. ಆರು ಅಥವಾ ಏಳು ಮಂದಿ ಅಂಗಳದಲ್ಲಿದ್ದಾಗ ಬೋನಸ್ ಗೆರೆಯಾಚೆ ಒಂದು ಕಾಲೂರಿ ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಒಂದು ಅಂಕ ಲಾಭ. ಏಳೂ ಮಂದಿ ಹೊರಗಾದರೆ ಎದುರಾಳಿಗೆ ಎರಡು ಅಂಕ ಹೆಚ್ಚಿಗೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹುಡುಗರು ಲಕ್ಷ್ಯ ಕೊಡದ ಎರಡು ನಿಯಮಗಳುಂಟು. ಒಂದು, ಹೊರಗೆ ಕುಳಿತವನು ತಾನಾಗಿ ಎದ್ದು ಬರುವಂತಿಲ್ಲ. ಒಳಗಿದ್ದವರು ಎದುರಾಳಿಯನ್ನು ಔಟು ಮಾಡಿದರೆ ಮಾತ್ರ ಒಬ್ಬನಿಗೆ ಒಬ್ಬನಂತೆ ಜೀವ ಬರುತ್ತದೆ. ಎರಡು, ಅಂಗಳದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಇದನ್ನು 'ಸೂಪರ್ ಟ್ಯಾಕಲ್' ಎನ್ನುತ್ತಾರೆ.

ದೇವಸ್ಥಾನದ ಎದುರಿನ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಅಂಗಳ ಬರೆದೆ. ನಮ್ಮವರಿಗೆ ಏಳು ಹುಣಸೇಬೀಜ, ಎದುರಾಳಿಗಳಿಗೆ ಏಳು ಹರಳು. ರಾತ್ರಿ ಊಟವಾದ ಮೇಲೆ ಎಲ್ಲರೂ ಸುತ್ತ ಕುಳಿತು ಬೀಜ ಸರಿಸುತ್ತ ಆಡುತ್ತಿದ್ದೆವು. ಚೌಕಾಬಾರ ಆಡುವ ಮುದುಕರು ಒಮ್ಮೆ ಇಣುಕಿ ನೋಡಿ, "ಇದ್ಯಾವ ಆಟಪಾ, ಕವಡಿನ ಇಲ್ಲ" ಎಂದು ಹೊರಟುಹೋದರು. ಬೀಜಗಳನ್ನು ಸರಿಸಿ ಸರಿಸಿ ನನಗೆ ಒಂದು ವಿಷಯ ಖಚಿತವಾಯಿತು. ಹಗುರ ಮೈಯವರ ತಂಡ ಏಳು ಮಂದಿಯಾಗಿ ಆಡುವ ಹೊತ್ತು ಬಹಳ ಕಡಿಮೆ. ಆಟದ ಅರ್ಧ ಪಾಲು ನಾಲ್ವರು, ಮೂವರು ಉಳಿದೇ ಆಡಬೇಕಾಗುತ್ತದೆ. ಆದುದರಿಂದ ವಿದ್ಯೆಯನ್ನು ಹಂಚುವಾಗ ಎಣಿಕೆಯನ್ನು ಮೊದಲನೆಯವನಿಂದ ಆರಂಭಿಸದೆ ಕೊನೆಗೆ ಉಳಿಯುವ ಮೂವರಿಂದ ಆರಂಭಿಸಬೇಕು.

ಹುಡುಗರಿಗೆ ಈ ಮಾತು ರುಚಿಸಲಿಲ್ಲ. ಎಲ್ಲರಿಗೂ ದಾಳಿಯೇ ಬೇಕು. ಡುಬ್ಕಿ ಬೇಕು, ಕಪ್ಪೆಯ ಜಿಗಿತ ಬೇಕು, ಬೆನ್ನುಗಾಲಿನ ಒದೆ ಬೇಕು. ಹಿಡಿತ ಯಾರಿಗೂ ಬೇಡ. ೨೦೧೯ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿಯ ಅಂತಿಮ ಪಂದ್ಯವನ್ನು ೩೮-೩೩ರಿಂದ ಗೆದ್ದಾಗ ಪವನ್ ಶೆಹ್ರಾವತ್ ಒಬ್ಬರೇ ೨೨ ಅಂಕ ಗಳಿಸಿದುದನ್ನು ಅವರು ಮೊಬೈಲಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದಾರೆ. "ಒಬ್ಬ ಪವನ್ ಇದ್ರ ಸಾಕಲೇ" ಎನ್ನುವುದು ಅವರ ವಾದ. ನಾನು ೨೦೧೮ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಾತೆತ್ತಿದೆ. ೧೯೯೦ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಸೇರಿದಾಗಿನಿಂದ ಏಳು ಸಲವೂ ಚಿನ್ನ ಗೆದ್ದಿದ್ದ ನಮ್ಮ ಗಂಡಸರ ತಂಡವನ್ನು ಅಲ್ಲಿ ಇರಾನಿನವರು ಸೆಮಿಫೈನಲಿನಲ್ಲಿ ೨೭-೧೮ರಿಂದ ಕೆಡವಿದರು. ಇರಾನಿನವರ ಬಲವಿದ್ದುದು ಹಿಡಿತದಲ್ಲಿ. ನಮ್ಮ ಕಡೆ ಹೆಸರಾಂತ ದಾಳಿಗಾರರಿಗೆ ಬರವಿರಲಿಲ್ಲ. ಬರಿಗೈಯಲ್ಲಿ ತಿರುಗಿ ಬಂದವರೇ ಹೆಚ್ಚು. ಒಬ್ಬ ದಾಳಿಗಾರ ಹೊರಗೆ ಕುಳಿತನೆಂದರೆ ಅವನ ವಿದ್ಯೆಯೂ ಹೊರಗೆ ಕುಳಿತಂತೆ. ಅವನನ್ನು ಎಬ್ಬಿಸಿ ಕರೆತರುವವನು ಬೇಕಲ್ಲ!

ವಾದ ಎರಡು ದಿನ ನಡೆಯಿತು. ಮೂರನೆಯ ದಿನ ನಮ್ಮೂರ ಗರಡಿಯ ಹಿರಿಯರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ತಾರುಣ್ಯದಲ್ಲಿ ಕುಸ್ತಿ ಹಿಡಿದವರು. ಈಗಲೂ ಕಿವಿ ಮುದುಡಿಯೇ ಇವೆ. ಅವರು ಕಬಡ್ಡಿಯನ್ನು 'ಹುತುತು' ಎನ್ನುತ್ತಾರೆ. ನನ್ನ ವಹಿಯಲ್ಲಿ ಬರೆದಿದ್ದ ಡುಬ್ಕಿ, ಡ್ಯಾಶ್, ಸರಪಳಿ ಎಲ್ಲವನ್ನೂ ಓದಿಸಿ ಕೇಳಿ, "ಇದರಾಗ ಬೀಳೂದು ಎಲ್ಲಿ ಐತಿ?" ಎಂದು ಕೇಳಿದರು. ಹುಡುಗರು ನಕ್ಕರು. ಅವರು ನಗಲಿಲ್ಲ. "ಎಮ್ಮಿ ಬಿದ್ರ ಎದ್ದ ನಿಂದರತೈತಿ. ಹುಲ್ಲಿಕರು ಬಿದ್ರ ಕಾಲ ಮುರೀತೈತಿ. ಸಣ್ಣ ಮೈಗಿ ಮೊದಲ ಬೀಳಾಕ ಕಲಸು. ಬೀಳೂದು ಬಂದಾವಗ ಅಂಜಿಕಿ ಇಲ್ಲ, ಅಂಜಿಕಿ ಇಲ್ಲದಾವ ಏನರೆ ಹಿಡೀತಾನ" ಎಂದರು. ಬೆಂಗಳೂರಿನ ಪೆಟ್ಟಿಗೆಯಲ್ಲಿದ್ದ ಕವಚದ ಲೆಕ್ಕವನ್ನೇ ಅವರು ಎಮ್ಮೆ-ಕರುಗಳಲ್ಲಿ ಹೇಳಿದರು. ಆದರೆ ಆ ಪೆಟ್ಟಿಗೆಯವರು ಒಂದನ್ನು ಬಿಟ್ಟಿದ್ದರು: ಗೊಂಬೆಗೆ ಬೀಳುವುದನ್ನು ಕಲಿಸಲು ಬರುವುದಿಲ್ಲ, ಹುಡುಗನಿಗೆ ಬರುತ್ತದೆ.

ಹೀಗಾಗಿ ಮೊದಲಿನ ಹತ್ತು ದಿನ ಎಲ್ಲರಿಗೂ ಒಂದೇ ಪಾಠ. ಗರಡಿಯ ಮಣ್ಣಿನಲ್ಲಿ ಬೀಳುವುದು, ಹೊರಳುವುದು, ಗದ್ದವನ್ನು ಎದೆಗೆ ಒತ್ತಿ ಭುಜದ ಮೇಲೆ ಉರುಳುವುದು, ಕೈಯನ್ನು ಮೈಕೆಳಗೆ ಸಿಕ್ಕಿಸದಂತೆ ಬಡಿಯುವುದು. ಅನಂತರ ಉಳಿದ ಮೂವತ್ತು ದಿನಗಳಿಗೆ ವಿದ್ಯೆಗಳನ್ನು ಹಂಚಿದೆ.

ಎಲ್ಲರದನ್ನೂ ಹೇಳಿ ಬೇಸರ ತರುವುದಿಲ್ಲ. ಟಂಟಂ ಹೊಡೆಯುವವನ ಕಾಲು ಉದ್ದ. ಅವನಿಗೆ ಬೋನಸ್ ಗೆರೆ. ಕಿರಾಣಿ ಅಂಗಡಿಯ ಹುಡುಗ, ಅಂದರೆ ಆ ಲಗ್ನದ ಊಟದ ಅರವತ್ತು ಕಿಲೋದವನು, ಡ್ಯಾಶಿಗೆ. ಕುರಿ ಕಾಯುವವನಿಗೆ ಡುಬ್ಕಿ. ಇದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ಇಬ್ಬರು ಕೈಕೈ ಹಿಡಿದು ಸರಪಳಿಯಾಗಿ ಬಂದಾಗ ಮೈಯನ್ನು ಮಡಿಚಿ ಅವರ ತೋಳಿನ ಕೆಳಗೆ ನುಸುಳಿ ಹೊರಬೀಳುವುದೇ ಡುಬ್ಕಿ. ಪರ್ದೀಪ್ ನರ್ವಾಲ್ ಇದರಿಂದಲೇ ಹೆಸರಾದವರು. ಸಮುದ್ರ ದಾಟುವಾಗ ಸುರಸೆ ಬಾಯಿ ತೆರೆದರೆ ಹನುಮಂತನು ಹೆಬ್ಬೆರಳಿನಷ್ಟಾಗಿ ಒಳಹೊಕ್ಕು ಹೊರಬಂದನಂತೆ. ನಮ್ಮೂರಿನವರಿಗೆ ಡುಬ್ಕಿ ಮನೆದೇವರ ವಿದ್ಯೆ. (೧೯೩೬ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಕಾಲಕ್ಕೆ ಈ ಆಟವನ್ನು ಅಲ್ಲಿ ಆಡಿ ತೋರಿಸಿದವರೂ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರೇ ಎಂಬುದನ್ನು ಗರಡಿಯ ಹಿರಿಯರಿಗೆ ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯದ ಸಂಗತಿ ಏನೂ ಕಾಣಲಿಲ್ಲ.)

ತೊಡಕು ಬಂದುದು ಏಳನೆಯವನಲ್ಲಿ. ಹದಿನೆಂಟರ ಹುಡುಗ, ೪೯ ಕಿಲೋ. ಹತ್ತನೆಯ ತರಗತಿಗೆ ಸಾಲೆ ಬಿಟ್ಟು ದಾಳಿಂಬೆ ತೋಟದ ಕೂಲಿಗೆ ಹೋಗುತ್ತಾನೆ. ಅವನ ತಂದೆ ಗೋವಾಕ್ಕೆ ದುಡಿಯಲು ಹೋದವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಮನೆಯ ವಾರದ ಸಂತೆ ನಡೆಯುವುದು ಇವನ ಕೂಲಿಯಿಂದ. ಹುಣಸೇಬೀಜ ಎಷ್ಟು ಸಲ ಸರಿಸಿದರೂ ಕೊನೆಯ ಮೂವರಲ್ಲಿ ಮೂಲೆಗೆ ಇವನೇ ಬಂದು ನಿಲ್ಲುತ್ತಿದ್ದ. ಇವನಷ್ಟು ಕೆಳಕ್ಕೆ ಇಳಿಯುವವನು ಬೇರೆ ಇಲ್ಲ. ಇವನಷ್ಟು ತಾಳ್ಮೆಯವನೂ ಇಲ್ಲ. ಇವನಿಗೆ ಸಲ್ಲುವ ವಿದ್ಯೆ ಒಂದೇ, ಕಣಕಾಲು ಹಿಡಿತ.

ಕಣಕಾಲು ಹಿಡಿತ ಬಡವರ ಹಿಡಿತ. ತೊಡೆ ಹಿಡಿಯಲು, ಸೊಂಟ ಹಿಡಿಯಲು ತೋಳಿನಲ್ಲಿ ಬಲ ಬೇಕು. ಕಣಕಾಲಿಗೆ ಬೇಕಾದುದು ಗಳಿಗೆಯನ್ನು ಅರಿಯುವ ಕಣ್ಣು. ದಾಳಿಗಾರನು ಮುಟ್ಟಲೆಂದು ಒಂದು ಕಾಲು ಚಾಚಿದಾಗ ಅವನ ಭಾರವೆಲ್ಲ ಮತ್ತೊಂದು ಕಾಲಿನ ಮೇಲಿರುತ್ತದೆ. ಆ ಕ್ಷಣ ಕೆಳಗಿಳಿದು ಚಾಚಿದ ಕಾಲನ್ನು ಎರಡೂ ಕೈಗಳಿಂದ ಎದೆಗೆಳೆದುಕೊಂಡರೆ, ಎಂಬತ್ತು ಕಿಲೋದ ಆಳು ಒಂಟಿಗಾಲಿನವನಾಗುತ್ತಾನೆ. ಒಂಟಿಗಾಲಿನ ಮೇಲೆ ನಿಂತ ಎಂಬತ್ತು ಕಿಲೋವನ್ನು ಗೆರೆಯಾಚೆ ದೂಡಲು ನಮ್ಮ ಕಿರಾಣಿ ಹುಡುಗನ ಡ್ಯಾಶ್ ಸಾಕು. ಆದರೆ ಹಿಡಿಯುವ ಕ್ಷಣದಲ್ಲಿ ಮುಖವಿರುವುದು ಎಲ್ಲಿ? ಎದುರಾಳಿಯ ಮೊಣಕಾಲು, ಹಿಮ್ಮಡಿಗಳ ಎತ್ತರದಲ್ಲಿ. ಹಲ್ಲು, ಮೂಗು, ಬೆರಳು ಮೂರೂ ಪಣಕ್ಕೆ. ತಂಡದಲ್ಲಿ ಅತ್ಯಂತ ತೆಳುಮೈಯವನಿಗೆ ಅತ್ಯಂತ ಅಪಾಯದ ವಿದ್ಯೆ. ಅವನ ಒಂದು ಬೆರಳು ಮುರಿದರೆ ತಿಂಗಳ ಕೂಲಿ ಹೋಯಿತು.

ಯಾರು ಹೇಳಿದರೋ, ಅವನ ತಾಯಿ ಒಂದು ಸಂಜೆ ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ನಿಂತು, "ನನ್ನ ಮಗಗ ಏನ ಕಲಸಾಕತ್ತೀಪಾ?" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ವಿವರಿಸಿದೆ. ಕೇಳಿಸಿಕೊಂಡು, "ಮತ್ತ ಬ್ಯಾರೆದವ್ರಿಗಿ ಓಡೂದು ಕಲಸೀದಿ. ಇವಗ ಯಾಕ ಬೂಟಗಾಲಿನ ಮುಂದ ಮಾರಿ ಒಡ್ಡೂದು?" ಎಂದರು. ಆಡುವವರು ಬೂಟು ಹಾಕಿರುವುದಿಲ್ಲವೆಂದು ಹೇಳಬಹುದಿತ್ತು; ಅದು ಉತ್ತರವಲ್ಲ. ಅವರ ಪ್ರಶ್ನೆ ನ್ಯಾಯದ ಪ್ರಶ್ನೆ. ಗುಂಪಿನ ಹಿತಕ್ಕಾಗಿ ಒಬ್ಬನ ಮೈಯನ್ನು ಪಣವಾಗಿ ಇಡುವಾಗ, ಆ ಒಬ್ಬನು ಯಾವಾಗಲೂ ಬಡವನ ಮಗನೇ ಆಗಿರುವುದೇಕೆಂದು ಅವರು ಕೇಳಿದಂತೆ ನನಗೆ ತೋರಿತು. ನಮ್ಮ ಅವ್ವ ಒಳಗಿನಿಂದ ಚಹಾ ತಂದುಕೊಟ್ಟಳು. ಅವರು ಕುಡಿಯದೆ ಕೈಯಲ್ಲೇ ಹಿಡಿದು ನಿಂತರು.

ನಾನು ಹುಡುಗನನ್ನೇ ಕರೆಸಿದೆ. ತಾಯಿಯ ಎದುರಿಗೇ ಕೇಳಿದೆ, ಬೇರೆ ವಿದ್ಯೆ ಬೇಕೇ ಎಂದು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಓಡೂದು ಎಲ್ಲಾರಿಗೂ ಬರತೈತಿ. ಇದು ನನಗೊಬ್ಬಗ ಬರತೈತಿ" ಎಂದ. ಮನೆಯಲ್ಲಿ, ಸಾಲೆಯಲ್ಲಿ, ತೋಟದಲ್ಲಿ ಅವನಿಗೊಬ್ಬನಿಗೇ ಬರುವ ಕೆಲಸವೆಂದು ಯಾರೂ ಈ ವರೆಗೆ ಏನನ್ನೂ ಕೊಟ್ಟಿರಲಿಲ್ಲವೆಂಬುದು ನನಗೆ ತಿಳಿದಿತ್ತು. ತಾಯಿಗೂ ತಿಳಿದಿತ್ತೆಂದು ಕಾಣುತ್ತದೆ. ಒಂದು ಕರಾರು ಹಾಕಿದರು. ಗರಡಿಯ ಹಿರಿಯರು "ಇವಗ ಬೀಳಾಕ ಬಂತು" ಎಂದು ತಮ್ಮೆದುರು ಹೇಳುವ ತನಕ ಅವನು ಯಾರ ಕಾಲಿಗೂ ಕೈ ಹಾಕಕೂಡದು.

ಕಟ್ಟೆಯ ಮೇಲೆ ಬೀಜಗಳನ್ನು ಮತ್ತೆ ಜೋಡಿಸಿದೆ. ಏಳು, ಆರು ಮಂದಿ ಇರುವಾಗ ಅವನು ಮೂಲೆಗಲ್ಲ, ನಡುವಿನ ಜಾಗಕ್ಕೆ ನಿಲ್ಲುವುದು. ಮೂಲೆಯನ್ನು ಟಂಟಂ ಹುಡುಗ ಕಾಯುವುದು. ಮೂವರು ಉಳಿದಾಗ ಮಾತ್ರ ಅವನು ಮೂಲೆಗೆ ಸರಿಯುವುದು. ಬೋನಸ್ ಇರುವ ಹೊತ್ತಿನಲ್ಲಿ ದಾಳಿಗಾರರು ಕಾಲು ಚಾಚುವುದು ಹೆಚ್ಚು, ಆಗ ಇವನನ್ನು ಬಳಸದಿರುವುದು ನಷ್ಟವೇ ಸರಿ. ಆದರೆ ಒಂದು ಪಂದ್ಯದಲ್ಲಿ ಹದಿನೈದು ಸಲ ಮುಖ ಒಡ್ಡುವುದಕ್ಕೂ ನಾಲ್ಕು ಸಲ ಒಡ್ಡುವುದಕ್ಕೂ ಅಂತರವಿದೆ. ಆ ನಾಲ್ಕು ಸಲವೂ ಒಂದಕ್ಕೆ ಎರಡು ಅಂಕ. ಹೊಸ ಬಿಳಿ ಹಲ್ಲುಗವಚವನ್ನು ಗಣಪತಿ ವರ್ಗಣಿಯ ಉಳಿಕೆಯಿಂದ ತಂದೆವು. ಹಿರಿಯರು ಹದಿನೆಂಟು ದಿನ ಅವನನ್ನು ಬರೇ ಬೀಳಿಸಿದರು. ಉಳಿದವರು ಡುಬ್ಕಿ, ಡ್ಯಾಶ್ ಎಂದು ಹಾರಾಡುತ್ತಿದ್ದಾಗ ಅವನು ಮೂಲೆಯಲ್ಲಿ ಬಿದ್ದು ಏಳುತ್ತಲೇ ಇದ್ದ. ಹತ್ತೊಂಬತ್ತನೆಯ ದಿನ ಹಿರಿಯರು ತಾಯಿಯನ್ನು ಕರೆಸಿದರು.

ಪಂದ್ಯದ ಸುದ್ದಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲನೆಯದನ್ನು ಗೆದ್ದೆವು, ಎದುರಾಳಿಗಳೂ ನಮ್ಮಂಥ ಸಣಕಲರೇ. ಎರಡನೆಯದರಲ್ಲಿ ನಮಗೆ ಸಿಕ್ಕವರು ನಿಜವಾದ ಪೈಲವಾನರು. ಹನ್ನೆರಡು ನಿಮಿಷದೊಳಗೆ ನಮ್ಮವರು ನಾಲ್ವರು ಹೊರಗೆ, ಕುರಿ ಕಾಯುವವನೂ ಸೇರಿ. ಅವರ ದೊಡ್ಡ ದಾಳಿಗಾರ ನಗುತ್ತ ಬಂದ. ಮೂವರನ್ನೂ ಒಂದೇ ಸಲಕ್ಕೆ ಗುಡಿಸಿಹಾಕುವ ಹುರುಪು. ಮೂಲೆಯಲ್ಲಿ ಕುಳಿತಂತೆ ನಿಂತಿದ್ದ ಹುಡುಗನನ್ನು ಕಾಲಿನಿಂದಲೇ ಮುಟ್ಟಿ ಹೋಗೋಣವೆಂದು ಕಾಲು ಚಾಚಿದ. ಮುಂದೆ ಏನಾಯಿತೆಂದು ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ಮಣ್ಣು ಎದ್ದಿತು, ಕಿರಾಣಿ ಹುಡುಗ ಭುಜ ಕೊಟ್ಟು ನುಗ್ಗಿದ, ಪಂಚರ ಎರಡು ಬೆರಳು ಮೇಲೆ ಹೋದವು. ಎರಡು ಅಂಕ, ಡುಬ್ಕಿಯವನಿಗೆ ಜೀವ ಬಂತು, ಅವನು ಹೋಗಿ ಇನ್ನಿಬ್ಬರನ್ನು ಎಬ್ಬಿಸಿದ. ಎರಡನೆಯ ಅರ್ಧದಲ್ಲಿ ಮತ್ತೊಮ್ಮೆ ಹಾಗೆಯೇ. ಮೂರನೆಯ ಸಲ ಅವರು ಅವನಿದ್ದ ಮೂಲೆಯ ಕಡೆಗೆ ಕಾಲು ಹಾಕಲೇ ಇಲ್ಲ. ಹಾಕದೆ ಇರುವುದಕ್ಕೆ ವಹಿಯಲ್ಲಿ ಅಂಕ ಬರೆಯುವ ಪದ್ಧತಿ ಇಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ.

ಮೂರು ಅಂಕಗಳಿಂದ ಸೋತೆವು.

ಜನ ಎತ್ತಿಕೊಂಡು ಕುಣಿದುದು ಡುಬ್ಕಿಯವನನ್ನು. ಅದು ನಡೆದುಬಂದ ರೀತಿ. ಗರಡಿಯ ಹಿರಿಯರು ಮಾತ್ರ ಮೂಲೆಯವನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ, ಹಲ್ಲು ಎಣಿಸಿ, ಮೂಗು ಮುಟ್ಟಿ, ಹತ್ತೂ ಬೆರಳು ಮಡಿಚಿಸಿ ಬಿಡಿಸಿ ನೋಡಿದರು. ಅವನ ತಾಯಿ ಹೆಂಗಸರ ಗುಂಪಿನ ಹಿಂದೆ ನಿಂತು ಅದನ್ನು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಆರಕ್ಕೆ ಅವನು ಎಂದಿನಂತೆ ತೋಟದ ಗಾಡಿ ಹತ್ತಿದ. ಒಂದು ದಿನದ ಕೂಲಿಯೂ ತಪ್ಪಲಿಲ್ಲ.

ಈಗ ಅವನ ಹೊಸ ಬೇಡಿಕೆ ಬಂದಿದೆ. ಮುಂದಿನ ಜಾತ್ರೆಗೆ ಡುಬ್ಕಿ ಕಲಿಸಬೇಕಂತೆ. ಮೈ ಡುಬ್ಕಿಗೆ ಒಪ್ಪುತ್ತದೆ, ಉಸಿರು ಸಾಲದು. ಇಪ್ಪತ್ತು ಸೆಕೆಂಡಿಗೇ ಕಟ್ಟುತ್ತದೆ. ಅಲ್ಲದೆ ಅವನು ದಾಳಿಗೆ ಹೋಗಿ ಹೊರಗೆ ಕುಳಿತರೆ ಕೊನೆಯ ಮೂವರಲ್ಲಿ ಮೂಲೆಗೆ ಯಾರು? ಟಂಟಂ ಹುಡುಗನಿಗೆ ಮೊಣಕಾಲು ಮಡಿಯುವುದಿಲ್ಲ. ನಾನು ಹುಣಸೇಬೀಜಗಳನ್ನು ಮೂರು ಬಗೆಯಲ್ಲಿ ಇಟ್ಟು ನೋಡಿದ್ದೇನೆ, ಯಾವುದೂ ಕೂಡಿಬಂದಿಲ್ಲ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣವೆಂದು ಅವನಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ದಿನಾಲು ನಸುಕಿನಲ್ಲಿ ಊರ ಹೊರಗಿನ ತನಕ ಓಡಿ ಬಾ ಎಂದಿದ್ದೇನೆ, ಓಡುತ್ತಿದ್ದಾನೆ.